ಹಬ್ಬವಿಲ್ಲದ ದಿನ

"ಈ ವರ್ಷ ನಿಮ್ಮನೇಲಿ ಹಬ್ಬ ಇಲ್ವಲ್ಲಣ್ಣ, ಪೊಂಗಲ್ ತಂದೆ," ಎಂದು ಪಕ್ಕದ ಮನೆಯ ಶ್ಯಾಮಲಮ್ಮ ಅವತ್ತು ಬಂದ ಏಳನೆಯ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಕೋನಪ್ಪ ಅದರ ಮುಚ್ಚಳಕ್ಕೂ ತಂದವರ ಹೆಸರಿನ ಚೀಟಿ ಅಂಟಿಸಿದ. ಚಿಂತಾಮಣಿಯ ಕಾಲೇಜೊಂದರ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಸೀಸೆಗಳಿಗೆ ಚೀಟಿ ಅಂಟಿಸಿದ ಕೈ ಅದು.

ಹೆಂಡತಿ ಕಮಲಮ್ಮ ತೀರಿಕೊಂಡು ಆರು ತಿಂಗಳಾಗಿತ್ತು. ವರ್ಷದ ತಿಥಿ ಮುಗಿಯುವವರೆಗೆ ಮನೆಯಲ್ಲಿ ಹಬ್ಬ ಮಾಡುವಂತಿಲ್ಲ. ಹಾಗಾಗಿ ಬೀದಿಯವರೇ ತಂದುಕೊಡುತ್ತಿದ್ದರು. ಗಣೇಶನಿಗೆ ಕಡುಬು, ದೀಪಾವಳಿಗೆ ಕಜ್ಜಾಯ, ಇವತ್ತು ಸಂಕ್ರಾಂತಿಗೆ ಪೊಂಗಲ್. ದೀಪಾವಳಿಗೂ ಇವತ್ತಿಗೂ ನಡುವೆ ಈ ಮನೆಯ ಗೇಟು ತೆರೆದವರು ಇಬ್ಬರೇ: ಸಿಲಿಂಡರ್ ತರುವವನು, ಮೀಟರ್ ನೋಡುವವನು.

"ಇಷ್ಟೆಲ್ಲ ನಾನೇನ್ ಮಾಡ್ಲಮ್ಮ? ಸಕ್ಕರೆ ಕಾಯಿಲೆ ಬೇರೆ."

"ಒಂದು ಚೂರು ಬಾಯಿಗಿಟ್ಕೊಳ್ಳಿ. ಹಬ್ಬದ ದಿನ ಅಕ್ಕ ಇಲ್ಲ ಅಂತ..."

"ಮಿಕ್ಕ ದಿನ ಇದಾಳಾ?"

ಶ್ಯಾಮಲಮ್ಮ ಅವನ ಮುಖ ನೋಡಿದಳು. "ಏಮಣ್ಣ, ಹಿಂಗಂತೀರಾ?"

"ನಾಳೆ ಬಾ."

"ನಾಳೆ ಏನಿದೆ?"

"ಏನೂ ಇಲ್ಲ. ಅದಕ್ಕೇ."

ಅವಳು ಗೇಟು ಎಳೆದುಕೊಂಡು ಹೋದಳು.

ಮರುದಿನ ನಾಲ್ಕು ಗಂಟೆಗೆ ಅವನು ಎರಡು ಲೋಟ ಟೀ ಮಾಡಿದ. ಐದಕ್ಕೆ ಎರಡನೆಯ ಲೋಟದ ಮೇಲೆ ಕೆನೆ ಕಟ್ಟಿತ್ತು. ಐದೂವರೆಗೆ ಅದನ್ನು ಸಿಂಕಿಗೆ ಸುರಿದ. ಅವಳು ಹದಿನೈದು ನಿಮಿಷ ಎದುರಿಗೆ ಕೂತು ತರಕಾರಿ ರೇಟು ಮಾತಾಡಿದ್ದರೂ ಸಾಕಿತ್ತು. ಅದನ್ನೂ ಬಾಯಿಬಿಟ್ಟು ಕೇಳಬೇಕೆ? ತೊಳೆದಿಟ್ಟ ಅವಳ ಡಬ್ಬಿಯನ್ನು ಕೈಗೆತ್ತಿಕೊಂಡ. ಅವಳ ಮನೆಗೆ ಹೋಗಲು ತನಗೂ ಒಂದು ನೆಪ ಬೇಕಾಯಿತಲ್ಲ ಎಂದು ಮೈಯೆಲ್ಲ ಉರಿಯಿತು. ಡಬ್ಬಿಯನ್ನು ಅಲ್ಲೇ ಕುಕ್ಕಿ, ಬರಿಗೈಯಲ್ಲಿ ಹೊರಟ.

ಶ್ಯಾಮಲಮ್ಮ ಜಗಲಿಯ ಮೇಲೆ ನೆನೆಸಿದ ಅವರೆಕಾಳಿನ ಬೇಸಿನ್ ಇಟ್ಟುಕೊಂಡು ಹಿಸುಕುತ್ತಿದ್ದಳು.

"ಡಬ್ಬಿ ಕೊಡಕ್ಕೆ ಬಂದ್ರಾ?"

"ಇಲ್ಲ. ನೀನು ಬರ್ಲಿಲ್ವಲ್ಲ."

"ಬರಿಗೈಲಿ ಹೆಂಗಣ್ಣ ಬರೋದು?" ಅವಳು ತಲೆ ಎತ್ತಲಿಲ್ಲ. "ಅಕ್ಕನ ಹನ್ನೊಂದನೇ ದಿನದ ಕಾರ್ಯ ಆದ್ಮೇಲೆ ಹತ್ತು ದಿನ ಬಂದ್ನಲ್ಲ. ಒಳಗಡೆ ಟಿವಿ ಸದ್ದು ಕೇಳ್ತಿತ್ತು. ನೀವು ಚಿಲಕ ತೆಗೀಲಿಲ್ಲ. ಕಿಟಕೀಲಿ ಇಣುಕಿ, ಊಟದ ಡಬ್ಬಿ ಕಂಡ್ರೆ ಮಾತ್ರ ತೆಗಿತಿದ್ರಿ."

ಕೋನಪ್ಪನಿಗೆ ಆ ಬಾಗಿಲು ಬಡಿದ ಸದ್ದು ನೆನಪಿತ್ತು.

"ಆವಾಗ ಯಾರೂ ಬೇಡವಾಗಿತ್ತು."

"ಈವಾಗ?"

"ಈವಾಗ ದಿನಾ ಬೇಕು." ಧ್ವನಿ ಅವನು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ಎದುರು ಮನೆಯವರು ಇಣುಕಿ ನೋಡಿದರು. "ಹಬ್ಬಕ್ಕೆ ಬರದಿದ್ರೂ ಪರವಾಗಿಲ್ಲ."

ಶ್ಯಾಮಲಮ್ಮ ಬೇಸಿನ್ನನ್ನು ಅರ್ಧ ಅಡಿ ಅವನ ಕಡೆ ತಳ್ಳಿದಳು. "ದಿನಾ ಬಂದ್ರೆ ಕೆಲಸಾನೂ ಮಾಡ್ಬೇಕು. ಕೈ ತೊಳ್ಕೊಂಡಿದೀರಾ?"

ಅವನು ಕೂತ. ಮೊದಲ ಕಾಳನ್ನು ಹಿಸುಕಿದ ರಭಸಕ್ಕೆ ಬೇಳೆ ಹಾರಿ ಬೀದಿಗೆ ಬಿತ್ತು.

"ಮೆತ್ತಗೆ," ಎಂದಳು ಅವಳು.

ಇನ್ನೊಂದು ತೆಗೆದುಕೊಂಡ. ಬೇಳೆ ಜಾರಿ ಅಂಗೈಗೆ ಬಂತು. ಸಿಪ್ಪೆ ಬೆರಳಿಗೆ ಅಂಟಿಕೊಂಡೇ ಉಳಿಯಿತು.