ನಿದ್ದೆಯಲ್ಲಿ ತಿರುಗಿದ ಹಿಡಿಕೆ

ಲಕ್ವಾ ಹೊಡೆದು ಬಲಗೈ ಬಿದ್ದ ಮೇಲೆ ಬಸಂತರಾಯರು ಪಡಸಾಲೆಯ ಮೂಲೆಯ ಕಡೆ ನೋಡುವುದನ್ನೇ ಬಿಟ್ಟಿದ್ದರು. ಅಲ್ಲಿ ಮೇಜಿನ ಮೇಲೆ ಲೋಹ ಕಡೆಯುವ ಅವರ ಪುಟ್ಟ ಲೇತ್ ಇತ್ತು. ಕಬ್ಬು ಬೆಳೆಯುವ ಗೌಡರಿಗೆ ಇದೆಂಥ ಹುಚ್ಚು ಅಂತ ಆಲಮೇಲದ ಮಂದಿ ನಕ್ಕಿದ್ದುಂಟು. ನಗಲಿ ಬಿಡಿ! ಸೊಲ್ಲಾಪುರದ ಗುಜರಿಯಿಂದ ಹೊತ್ತು ತಂದ ಆ ಯಂತ್ರದಲ್ಲಿ ಅವರು ಪ್ರತಿ ಕಾರಹುಣ್ಣಿಮೆಗೆ ಎತ್ತುಗಳಿಗೆ ಹೊಸ ಕೋಡಣಸು ಕಡೆಯುತ್ತಿದ್ದರು. ಕೋಡಿನ ತುದಿಗೆ ಟೊಪ್ಪಿಗೆಯಂತೆ ಕೂರುವ ಹಿತ್ತಾಳೆಯ ಒಡವೆ ಅದು, ನಡುವೆ ಉಬ್ಬು, ತುದಿಯಲ್ಲಿ ಮೊಗ್ಗು. ಆ ಉಬ್ಬು ಬರಬೇಕಾದರೆ ಎರಡು ಹಿಡಿಕೆಗಳನ್ನು ಒಟ್ಟಿಗೆ ತಿರುಗಿಸಬೇಕು, ಎರಡೂ ಕೈ ಬೇಕು.

"ಈ ಸಲ ಎತ್ತಿನ ಕೋಡು ಬರೇ ಇರ್ಲಿ," ಅಂದು ಅವರು ಗೋಡೆಯ ಕಡೆ ಹೊರಳಿದ್ದರು.

ಆ ಮಾತು ಮಗಳು ಸುನಂದಾಳ ಎದೆಗೆ ನಾಟಿತು. ಸಿಂದಗಿಯಲ್ಲಿ ಕಂಪ್ಯೂಟರ್ ಕಲಿಸುವವಳು ಅವಳು. ರಜೆ ಬಿದ್ದದ್ದೇ ತಡ, ಒಂದು ಹಳೆಯ ಕಂಪ್ಯೂಟರನ್ನೂ ಕೆಟ್ಟ ದೊಡ್ಡ ಪ್ರಿಂಟರುಗಳಿಂದ ಬಿಚ್ಚಿದ ಮೋಟಾರುಗಳನ್ನೂ ಚೀಲಕ್ಕೆ ತುಂಬಿ ಬಸ್ಸಿಗೆ ಹೇರಿಕೊಂಡು ಬಂದಳು. ಕೈ ಮಾಡುತ್ತಿದ್ದ ಕೆಲಸವನ್ನು ಕಂಪ್ಯೂಟರು ಮಾಡಲಿ ಅಂತ ಅವಳ ಹಟ. ಹಿಡಿಕೆಗಳನ್ನು ಬಿಚ್ಚಿ ಅಲ್ಲಿ ಮೋಟಾರು ಕೂರಿಸುವಾಗ ಅಪ್ಪ ಗೋಡೆಯ ಕಡೆಯಿಂದ ಹೊರಳಲೂ ಇಲ್ಲ. ಬೈದಿದ್ದರೂ ಆಕೆಗೆ ಸಮಾಧಾನವಾಗುತ್ತಿತ್ತು.

ಯಂತ್ರವೇನೋ ತಾನೇ ನಡೆಯಿತು. ಆದರೆ ಉಬ್ಬು ಏರಿ ಇಳಿಯುವ ಕಡೆ ಹಿತ್ತಾಳೆಯ ಮೇಲೆ ಮೆಟ್ಟಿಲಿನಂಥ ಒಂದು ಗೆರೆ ಬಿತ್ತು. ಲೆಕ್ಕ ತಿದ್ದಿದಳು, ಮತ್ತೂ ಬಿತ್ತು. ಹಬ್ಬ ನಾಳೆಗೆ ಬಂತು. ಅಪ್ಪನಿಗೆ ಆಸೆ ತೋರಿಸಿ ಕೈಕೊಟ್ಟೆನಲ್ಲ ಎಂದು ಸುನಂದಾಗೆ ಅಳು ಒತ್ತರಿಸಿ ಬಂತು.

ಮಧ್ಯಾಹ್ನ ಭೀಮಾ ಹೊಳೆಯ ಕಡೆಯಿಂದ ಗಾಳಿ ಸಣ್ಣಗೆ ಬೀಸುತ್ತಿತ್ತು. ಬೆಳಕಿಂಡಿಯಿಂದ ಇಳಿದ ಬಿಸಿಲಕೋಲಿನಲ್ಲಿ ಹಿತ್ತಾಳೆಯ ಪುಡಿ ತೇಲಾಡುತ್ತಿತ್ತು. ಅಪ್ಪ ಮಲಗಿದ್ದರು. ಅವ್ವ ರುಕ್ಮವ್ವ ಬಂದು ಮಗಳ ಭುಜ ಮುಟ್ಟಿದಳು.

"ನೋಡಿಲ್ಲಿ. ದಿನಾ ನಿದ್ದ್ಯಾಗ ಹಿಂಗ ತಿರುವ್ತಾರ."

ಬಸಂತರಾಯರ ಎಡಗೈ ಕೌದಿಯ ಮೇಲೆ ಇಲ್ಲದ ಹಿಡಿಕೆಯನ್ನು ಹಿಡಿದಿತ್ತು. ಬಿದ್ದುಹೋದ ಬಲಗೈಯ ಕೆಲಸವನ್ನೂ ಅದೇ ಮಾಡುತ್ತಿತ್ತು. ತುಟಿಯಂಚಿನಲ್ಲಿ ನಗು. ಕನಸಿನಲ್ಲಿ ಸುರುಳಿ ಸುರುಳಿ ಹಿತ್ತಾಳೆ ಉದುರುತ್ತಿತ್ತೋ ಏನೋ. ಕೈ ಮುಂದೆ ಹೋಯಿತು, ನಿಂತಿತು, ಬೇಕಾದ್ದಕ್ಕಿಂತ ಚೂರು ಹೆಚ್ಚೇ ಹಿಂದೆ ಸರಿಯಿತು, ಆಮೇಲೆ ಮೆಲ್ಲಗೆ ಮುಂದೆ ಬಂತು. ಪ್ರತಿ ಸಲವೂ ಹಾಗೇ.

ಸುನಂದಾ ಬಗ್ಗಿ ನೋಡಿದಳು. ಅಯ್ಯೋ, ಲೇತಿನ ಹಿಡಿಕೆಯ ಸವೆದ ತಿರುಪು! ದಿಕ್ಕು ಬದಲಿಸಿದಾಗಲೆಲ್ಲ ಅದು ಒಂದಿಷ್ಟು ಖಾಲಿ ತಿರುಗುತ್ತದೆ. ಆ ಸಡಿಲನ್ನು ಅಪ್ಪನ ಕೈ ಹಿಂದೆ ಹೋಗಿ ಬಂದು ಕಳೆಯುತ್ತಿತ್ತು. ಕೈಗಷ್ಟೇ ಗೊತ್ತಿದ್ದ ಮಾತು ಅದು, ಅಪ್ಪ ಎಂದೂ ಬಾಯಿಬಿಟ್ಟು ಹೇಳಿದವರಲ್ಲ. ಅವಳು ಮಲಗಿದ ಅಪ್ಪನನ್ನು ನೋಡುತ್ತ ನೋಡುತ್ತ ಆ ನಡೆಯನ್ನು ಕಂಪ್ಯೂಟರಿಗೆ ಬರೆದಳು.

ಹಬ್ಬದ ಬೆಳಗ್ಗೆ ಎತ್ತುಗಳ ಮೈ ತೊಳೆದಾಗಿತ್ತು. ಸುನಂದಾ ಲೇತ್ ಶುರು ಮಾಡಿದಳು. ಮೋಟಾರು ಗುನುಗಿತು. ಉಳಿ ಮುಂದೆ ಹೋಯಿತು, ನಿಂತಿತು, ಚೂರು ಹೆಚ್ಚೇ ಹಿಂದೆ ಸರಿಯಿತು, ಮೆಲ್ಲಗೆ ಮುಂದೆ ಬಂತು. ಗೋಡೆಯ ಕಡೆ ಮುಖ ಮಾಡಿದ್ದ ಬಸಂತರಾಯರು ಆ ಸಪ್ಪಳಕ್ಕೆ ಹೊರಳಿದರು. ಹೆಂಡತಿಯ ಹೆಗಲು ಹಿಡಿದು ಮೇಜಿನ ತನಕ ಬಂದರು. ಉಬ್ಬು ಬೆಣ್ಣೆಯಂತೆ ನುಣ್ಣಗೆ ಏರಿ ಇಳಿಯಿತು.

"ಇದು ನಾ ತಿರುವಿದಂಗ ಐತಲ್ಲ."

"ನೀನ ತಿರುವಾಕತ್ತೀಯಪ್ಪಾ," ಅಂದಳು ಸುನಂದಾ.

ಅವರು ಎಡಗೈಯಿಂದ ಬಲಗೈಯನ್ನು ಎತ್ತಿ, ತಿರುಗುವ ಮೋಟಾರಿನ ಬೆನ್ನ ಮೇಲೆ ಇಟ್ಟರು. ಮೊಗ್ಗು ಮುಗಿಯುವ ತನಕ ತೆಗೆಯಲಿಲ್ಲ. ಆಮೇಲೆ, ಬಿಳಿ ಎತ್ತಿನ ಎಡಗೋಡು ಸಣ್ಣದು, ಅದಕ್ಕೆ ಬೇರೆ ಅಳತೆ ಬೇಕು, ಅಷ್ಟೂ ತಿಳಿಯುವುದಿಲ್ಲವೇ ಎಂದು ಮಗಳನ್ನು ಗದರಿದರು.

ಊಟವಾದ ಮೇಲೆ ರುಕ್ಮವ್ವ ಎಂದಿನಂತೆ ಕೌದಿ ಹಾಸಿದಳು. ಅವತ್ತು ಬಸಂತರಾಯರು ಮಲಗಲಿಲ್ಲ, ಲೇತಿನ ಮುಂದೆಯೇ ಕೂತರು.