ಆಮೆಗೆ ಹಾಸಿದ ಮಣ್ಣು

ಲಕ್ಷ್ಮೇಶ್ವರ ಮಿರಜ ಸಂಸ್ಥಾನದಿಂದ ಬಿಟ್ಟು ಮುಂಬೈ ಪ್ರಾಂತಕ್ಕೆ ಸೇರಿದ ವರ್ಷ, ಅಂದರೆ ನಲವತ್ತೆಂಟರಲ್ಲಿ, ಸಂಸ್ಥಾನದ ಅಧಿಕಾರಿಯೊಬ್ಬರು ಮನೆ ಖಾಲಿ ಮಾಡಿ ಮಿರಜಿಗೆ ಹೊರಟರು. ಹೊರಡುವ ಹಿಂದಿನ ದಿನ ಅವರ ಹೆಂಡತಿ ಹಿತ್ತಲಗೋಡೆಯ ಮೇಲಿಂದ ಒಂದು ಬುಟ್ಟಿಯನ್ನು ಪಕ್ಕದ ಮನೆಯ ಅನ್ನಪೂರ್ಣವ್ವನ ಕೈಗೆ ಇಳಿಸಿದರು. ಅದರಲ್ಲಿ ಎರಡು ಆಮೆಗಳಿದ್ದವು. ಕರಿ ಬೆನ್ನು, ಬೆನ್ನಿನ ಒಂದೊಂದು ಉಬ್ಬಿನಿಂದಲೂ ಹಳದಿ ಗೆರೆಗಳು ಸುತ್ತಲೂ ಚೆದರಿ, ಯಾರೋ ಕೂತು ನಕ್ಷತ್ರ ಬರೆದ ಹಾಗೆ ಕಾಣುತ್ತಿತ್ತು. ದೊಡ್ಡದು ಹೆಣ್ಣು, ಸಣ್ಣದು ಗಂಡು, ಸೊಪ್ಪು ಹಾಕಿದರೆ ಸಾಕು ಎಂದಷ್ಟೇ ಹೇಳಿ ಅವರು ಕಣ್ಣೊರೆಸಿಕೊಂಡು ಒಳಗೆ ಹೋದರು.

ಅನ್ನಪೂರ್ಣವ್ವನ ಗಂಡ ಚನ್ನಬಸವಣ್ಣ ಶೇಂಗಾ ವ್ಯಾಪಾರಿ. ಹೆಣ್ಣುಮಕ್ಕಳಿಬ್ಬರೂ ಗಂಡನ ಮನೆಯಲ್ಲಿದ್ದರು. ಬೆಳಗಿನ ಕೆಲಸ ಮುಗಿದ ಮೇಲೆ ಅವಳಿಗೆ ಹಿತ್ತಲಲ್ಲಿ ಕೂತು ಆಮೆ ನೋಡುವುದೇ ಒಂದು ರೂಢಿಯಾಯಿತು. ಹಕ್ಕರಕಿ ಸೊಪ್ಪು ಹಾಕಿದರೆ ಅವು ಕುತ್ತಿಗೆ ಚಾಚಿ, ಕಣ್ಣು ಅರ್ಧ ಮುಚ್ಚಿ, ಊರಿಗೆಲ್ಲ ಪುರುಸೊತ್ತು ತಮ್ಮಲ್ಲೇ ಇದೆ ಎಂಬಂತೆ ತಿನ್ನುತ್ತಿದ್ದವು.

ಮಳೆಗಾಲ ಬಂದಾಗ ತೊಂದರೆ ಶುರುವಾಯಿತು. ಹಿತ್ತಲದ್ದು ಎರಿ ಭೂಮಿ. ಹಸಿಯಾದರೆ ಆ ಕರಿ ಮಣ್ಣು ಆಮೆಗಳ ಕಾಲಿಗೆ ಮೆತ್ತಿಕೊಂಡು ಗಡ್ಡೆ ಕಟ್ಟುತ್ತಿತ್ತು. ದಿನಾಲೂ ಅವಳು ನೀರು ಹಾಕಿ ತಿಕ್ಕಿ ತೊಳೆಯಬೇಕಾಗುತ್ತಿತ್ತು. ಏನು ಹಾಸಬೇಕು ಎಂದು ಕೇಳಲು ಅವಳಿಗೆ ಹೊಳೆದವರು ದನದ ದವಾಖಾನೆಯ ಕಂಪೌಂಡರ್ ದಸ್ತಗೀರಸಾಬರು. ಊರಿನ ಎತ್ತು, ಎಮ್ಮೆ, ಕುದುರೆಗಳೆಲ್ಲ ಅವರ ಕೈಯಲ್ಲಿ ಬದುಕಿದ್ದವು. ಅವರು ಬಂದು ನೋಡಿ, ಹೊಳೆಯ ಉಸುಕು ತರಿಸಿ ಎಂದರು. ನೀರಿನಲ್ಲಿ ತೊಳೆದು ಬಂದದ್ದು, ಹುಳ ಇಲ್ಲ, ಅಂಟುವುದಿಲ್ಲ. ಚನ್ನಬಸವಣ್ಣ ಹಮ್ಮಿಗಿಯಿಂದ ಬರುವ ಬಂಡಿಯಲ್ಲಿ ತುಂಗಭದ್ರೆಯ ಬಿಳಿ ಉಸುಕು ತರಿಸಿ ಹಾಸಿಸಿದ. ನೋಡಲು ಅದು ಬಲು ಚೆಂದವಿತ್ತು. ಅವಳು ಅದರ ಮೇಲೆಯೇ ಸೊಪ್ಪು ಹರಡುತ್ತಿದ್ದಳು.

ಮರುವರ್ಷ ಯುಗಾದಿ ಮುಗಿದ ಮೇಲೆ ಗಂಡಾಮೆ ಸೊಪ್ಪು ಬಿಟ್ಟಿತು. ನಾಲ್ಕು ದಿನ ಮೂಲೆಯಲ್ಲಿ ಕಣ್ಣು ಮುಚ್ಚಿ ಕೂತಿತು. ಐದನೆಯ ದಿನ ಅದರ ತಲೆ ಹೊರಗೇ ಜೋತುಬಿದ್ದಿತ್ತು.

ದಸ್ತಗೀರಸಾಬರು ಅದನ್ನು ದವಾಖಾನೆಗೆ ಒಯ್ದರು. ಯಾರೂ ಅವರಿಗೆ ಕೊಯ್ದು ನೋಡಲು ಹೇಳಿರಲಿಲ್ಲ, ಅವರೇ ನೋಡಿದರು. ಸಂಜೆ ಬಂದು ಕಟ್ಟೆಯ ಮೇಲೆ ಕೂತು, ತಲೆಯ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು.

"ತಂಗೆವ್ವ, ಅದನ್ನ ಕೊಂದಾಂವ ನಾನು," ಎಂದರು. "ಅದರ ಕರುಳ ತುಂಬ ಉಸುಕ ಐತಿ. ಸೊಪ್ಪಿನ ಜೋಡಿ ಒಂದೊಂದ ಹರಳು ಒಳಗ ಹೋಗಿ ಕಲ್ಲಾಗಿ ಕುಂತೈತಿ. ಹಾಸ್ರಿ ಅಂತ ಹೇಳಿದಾಂವ ನಾನ."

ಅನ್ನಪೂರ್ಣವ್ವನಿಗೆ ಸಿಟ್ಟು ಬರಲಿಲ್ಲ. ತನ್ನ ತಪ್ಪನ್ನು ತಾನೇ ಕೊಯ್ದು ನೋಡಿ, ಬಂದು ಹೇಳಿದ ಆ ಮನುಷ್ಯನಿಗೆ ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದಳು.

ಉಸುಕು ಹೊರಗೆ ಹೋಯಿತು. ಅದರ ಜಾಗದಲ್ಲಿ ಏನು ಎಂಬ ಮಾತು ಈಗ ಮೊದಲಿಗಿಂತ ಬಿಗಿಯಾಯಿತು. ಚನ್ನಬಸವಣ್ಣ ತನ್ನ ಅಂಗಡಿಯ ಶೇಂಗಾ ಹೊಟ್ಟು ಎರಡು ಚೀಲ ಕಳಿಸಿದ. ಮೆತ್ತಗೂ ಇತ್ತು, ಬೆಚ್ಚಗೂ ಇತ್ತು. ಮೂರೇ ದಿನಕ್ಕೆ ಅದರ ಧೂಳಿಗೆ ಆಮೆಯ ಕಣ್ಣು ನೀರಾಡಿದವು. ನೀರಿನ ತಟ್ಟೆಯ ಹತ್ತಿರದ ಹೊಟ್ಟು ಬೂಷ್ಟು ಹಿಡಿಯಿತು. ಅವಳು ಗುಡಿಸಿ ತಿಪ್ಪೆಗೆ ಹಾಕಿದಳು. ತನ್ನ ಮಾತಿಗೆ ಬೆಲೆಯಿಲ್ಲ ಎಂದು ಅವನು ಎರಡು ದಿನ ಮುಖ ಗಂಟು ಹಾಕಿಕೊಂಡು ಉಂಡ.

ದಸ್ತಗೀರಸಾಬರದು ಒಂದೇ ಮಾತು. ಇನ್ನು ಆಮೆಯ ಕೆಳಗೆ ಯಾವ ಪುಡಿಯೂ ಇರಕೂಡದು. ಫರಸಿಕಲ್ಲು, ಅದರ ಮೇಲೆ ಗೋಣಿತಟ್ಟು, ದಿನಾ ತೊಳೆಯಬೇಕು. ಅವಳು ಹಾಗೇ ಮಾಡಿದಳು. ಎರಡು ತಿಂಗಳಾಗುವಷ್ಟರಲ್ಲಿ ಆಮೆಯ ಹಿಂಗಾಲು ಜಾರತೊಡಗಿತು. ಅದು ಗೋಣಿಯ ಅಂಚನ್ನು ಕೆದರುತ್ತ, ಕೆದರುತ್ತ, ಕಲ್ಲಿಗೆ ಉಗುರು ತಾಗಿ ಕಿರ್ರೆಂದಾಗ ನಿಲ್ಲುತ್ತಿತ್ತು.

ಆ ಸಪ್ಪಳ ಕೇಳಿ ಮಾಳವ್ವ ಹಿತ್ತಲಿಗೆ ಬಂದಳು. ಅವಳು ಶಿರಹಟ್ಟಿಯ ಆಚೆ, ಕಪ್ಪತಗುಡ್ಡದ ಅಂಚಿನ ಕುರುಬರವಳು. ತಿಂಗಳಿಗೊಮ್ಮೆ ಬೆಣ್ಣೆ, ಕಂಬಳಿ ಮಾರಲು ಬರುತ್ತಿದ್ದಳು. ಅಂದು ದಸ್ತಗೀರಸಾಬರೂ ಅಲ್ಲೇ ಇದ್ದರು. ಇದು ನಮ್ಮ ಗುಡ್ಡದ ಜೀವ, ಕೆಂಪು ಮಣ್ಣಿನಲ್ಲಿ ಹುಲ್ಲಿನ ಬುಡ ಹಿಡಿದು ಬದುಕುತ್ತದೆ, ಇದನ್ನು ಕಲ್ಲಿನ ಮೇಲೆ ಯಾಕೆ ಇಟ್ಟಿದ್ದೀರಿ ಎಂದು ಅವಳು ಕೇಳಿದಳು.

"ಮಣ್ಣಿನಿಂದ ಒಂದು ಸತ್ತೈತಿ," ಎಂದರು ಸಾಬರು. "ಎರಡನೇದೂ ಸಾಯಬೇಕೇನು?"

"ಅದು ಮಣ್ಣಲ್ಲರೀ ಸಾಹೇಬ್ರ, ಹೊಳಿ ಉಸುಕು. ಮಣ್ಣು ಹಿಡಿದು ಕುಂಡ್ರತೈತಿ, ಉಸುಕು ಕುಂಡ್ರೂದಿಲ್ಲ. ಕೆದರಾಕ ನೆಲ ಇಲ್ಲದ್ರ ಇದರ ಕಾಲು ಸೋಲ್ತಾವು. ಗುಡ್ಡದಾಗ ಇದಕ್ಕ ಯಾರು ಗೋಣಿ ಹಾಸ್ಯಾರು?"

ಕುರಿ ಕಾಯುವವಳಿಂದ ಕಲಿಯುವ ವಯಸ್ಸು ತನ್ನದಲ್ಲ ಎಂದು ಹೇಳಿ ಸಾಬರು ಎದ್ದು ಹೋದರು. ಆಮೇಲೆ ಹದಿನೈದು ದಿನ ಅವರು ಆ ಓಣಿಯಲ್ಲೇ ಕಾಣಲಿಲ್ಲ. ದವಾಖಾನೆಯವರ ಮಾತು ಬಿಟ್ಟು ಬೆಣ್ಣೆ ಮಾರುವವಳ ಮಾತು ಕೇಳುತ್ತೀಯಾ ಎಂದು ಚನ್ನಬಸವಣ್ಣನೂ ಗೊಣಗಿದ.

ಅನ್ನಪೂರ್ಣವ್ವ ಅಷ್ಟೂ ದಿನ ಆಮೆಯ ಎದುರು ಕೂತು ಇಬ್ಬರ ಮಾತನ್ನೂ ಮತ್ತೆ ಮತ್ತೆ ತಿರುವಿ ನೋಡಿದಳು. ಕೊನೆಗೆ ತಾನೇ ಸಾಬರ ಮನೆಗೆ ಹೋದಳು. ಸಾಬರ ಹೆಂಡತಿ ಜನ್ನತಬಿ ಚಾಪೆ ಹಾಸಿ ಕೂರಿಸಿ, ಗಂಡನನ್ನು ಒಳಗಿನಿಂದ ಕರೆತಂದಳು.

"ಸಾಹೇಬ್ರ, ನೀವು ಅಂಜೂದು ಅದರ ಹೊಟ್ಟಿಗೆ," ಎಂದಳು ಅನ್ನಪೂರ್ಣವ್ವ. "ಮಾಳವ್ವ ಅಂಜೂದು ಅದರ ಕಾಲಿಗೆ. ಎರಡೂ ಒಂದ ಆಮಿದಾವು. ನಾ ಅರ್ಧ ಜಾಗಾ ಫರಸಿ ಇಡತೀನಿ, ಅರ್ಧಕ್ಕ ಕೆಂಪು ಮಣ್ಣು ಹಾಕಸ್ತೀನಿ. ತಿನ್ನೂದು ಮಾತ್ರ ಫರಸಿ ಮ್ಯಾಲ. ಒಳಗ ಮಣ್ಣು ಹೋಗತೈತೋ ಇಲ್ಲೋ ಅಂತ ವಾರಕ್ಕೊಮ್ಮೆ ಅದರ ಹಿಕ್ಕಿ ನೀವ ನೋಡಬೇಕು. ಕೆಟ್ಟದ್ದು ಕಂಡ್ರ ಅವತ್ತ ಮಣ್ಣು ತಗಸ್ತೀನಿ."

ಸಾಬರು ತಲೆ ತಗ್ಗಿಸಿಕೊಂಡೇ ಕೇಳಿದರು. ನಾನು ಮತ್ತೆ ತಪ್ಪಿದರೆ ಎಂದರು. ತಪ್ಪಿದರೆ ಹೇಳುವವರು ನೀವೊಬ್ಬರೇ, ಅದಕ್ಕೇ ಬಂದೆ ಎಂದಳು ಅವಳು.

ಮಾಳವ್ವನ ಗಂಡ ಗುಡ್ಡದ ಬುಡದ ಮಣ್ಣನ್ನು ಕತ್ತೆಗಳ ಮೇಲೆ ಹೇರಿಕೊಂಡು ಬಂದ. ಚೂಪುಕಲ್ಲು ಆರಿಸಿ, ಮೊಣಕೈ ಆಳಕ್ಕೆ ತುಂಬಿ, ನೀರು ಚಿಮುಕಿಸಿ ತುಳಿದು ಗಟ್ಟಿ ಮಾಡಿದರು. ಗರಿಕೆಯ ಗಡ್ಡೆ ನೆಟ್ಟರು. ಆಮೆಯನ್ನು ಅದರ ಮೇಲೆ ಬಿಟ್ಟಾಗ ಅದು ಮೂಗು ನೆಲಕ್ಕೆ ಹಚ್ಚಿ ನಿಂತುಬಿಟ್ಟಿತು. ಒಂದು ಎಲೆಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಹಾಗೇ ನಿಂತಿತ್ತು. ಆಮೇಲೆ ನಡೆಯಿತು, ಕಾಲೆತ್ತಿ, ಹೊಟ್ಟೆ ನೆಲಕ್ಕೆ ತಾಗದಂತೆ. ಅಷ್ಟು ಎತ್ತರಕ್ಕೆ ಎದ್ದು ಅದು ನಡೆಯಬಲ್ಲದು ಎಂಬುದನ್ನು ಅನ್ನಪೂರ್ಣವ್ವ ಅಂದೇ ಕಂಡಳು.

ಸಾಬರು ಪ್ರತಿ ಶನಿವಾರ ಬಂದರು. ಹಿಕ್ಕಿಯನ್ನು ಪಿಂಗಾಣಿ ಬಟ್ಟಲಿನ ನೀರಿನಲ್ಲಿ ಕರಗಿಸಿ ಬೆಳಕಿಗೆ ಹಿಡಿದು ನೋಡುತ್ತಿದ್ದರು. ನಾರು, ಬೀಜ ಅಷ್ಟೆ, ಮಣ್ಣಾಗಲಿ ಉಸುಕಾಗಲಿ ಇಲ್ಲ. ಎರಡನೆಯ ತಿಂಗಳು "ನಡೀಲಿ" ಎಂದರು. ಮಾಳವ್ವ ಬಂದಿದ್ದ ಒಂದು ದಿನ ಅದನ್ನೇ ಅವಳಿಗೆ ಕೇಳುವ ಹಾಗೆ ಹೇಳಿದರು.

ಐವತ್ತರ ಮೃಗಶಿರಾ ಮಳೆ ಚೆನ್ನಾಗಿ ಬಂತು. ಮಳೆ ನಿಂತು ಬಿಸಿಲು ಬಿದ್ದ ಮೇಲೆ ಆಮೆಗೆ ಏನೋ ಚಡಪಡಿಕೆ. ಗೋಡೆಗುಂಟ ತಿರುಗಿತು, ಮಣ್ಣು ಮೂಸಿತು, ಎರಡು ಕಡೆ ಕೆದರಿ ಬಿಟ್ಟಿತು. ಒಂದು ಶನಿವಾರ, ಬಿಸಿಲು ಇಳಿಯುವ ಹೊತ್ತಿಗೆ, ಸಾಬರು ಬಟ್ಟಲು ತೊಳೆಯುತ್ತಿದ್ದಾಗ, ಅದು ಗರಿಕೆಯ ಪಕ್ಕ ಗಟ್ಟಿಯಾಗಿ ಕೂತು ಹಿಂಗಾಲಿನಿಂದ ತೋಡತೊಡಗಿತು.

ಮೊದಲು ಅದು ತನ್ನ ನೀರು ಬಿಟ್ಟು ಮಣ್ಣು ಮೆತ್ತಗೆ ಮಾಡಿಕೊಂಡಿತು. ಆಮೇಲೆ ಬಲಗಾಲು, ಎಡಗಾಲು. ಒಂದೊಂದು ಸಲವೂ ಒಂದೊಂದು ಹಿಡಿ. ತೆಗೆದ ಮಣ್ಣನ್ನು ಎಸೆಯಲಿಲ್ಲ, ಅಡುಗೆಮನೆಯಲ್ಲಿ ಹಿಟ್ಟು ಪಕ್ಕಕ್ಕಿಡುವ ಹೆಂಗಸಿನಂತೆ ಬದಿಗೆ ಒಟ್ಟಿತು. ತಾನು ಮಾಡುವುದನ್ನು ಅದು ಒಮ್ಮೆಯೂ ತಿರುಗಿ ನೋಡಲಿಲ್ಲ. ಆ ಒರಟು ಕಂಬದಂಥ ಕಾಲುಗಳು ಕುಣಿಯ ಒಳಗೋಡೆಯನ್ನು ಸವರಿ ನುಣುಪು ಮಾಡುವುದನ್ನು ಕಂಡು ಅನ್ನಪೂರ್ಣವ್ವ ಸಾಬರನ್ನು ಕರೆಯಲು ಬಾಯಿ ತೆರೆದಳು. ಅವರು ಆಗಲೇ ಅವಳ ಹಿಂದೆ ನಿಂತಿದ್ದರು. ಅಂಗಡಿಯಿಂದ ಬಂದ ಚನ್ನಬಸವಣ್ಣ ಸಪ್ಪಳವಾದೀತೆಂದು ಮೆಟ್ಟು ಕೈಯಲ್ಲಿ ಹಿಡಿದುಕೊಂಡು ನಿಂತ. ಗೇಣು ಆಳದ ಕುಣಿ. ಬಿಳಿ ತತ್ತಿ ಒಂದು ಇಳಿಯಿತು. ಆಮೆ ಅದನ್ನು ಕಾಲಿನಿಂದ ಮೆಲ್ಲಗೆ ಒಂದು ಬದಿಗೆ ಸರಿಸಿತು. ಇನ್ನೊಂದು ಇಳಿಯಿತು. ಹೀಗೆ ಐದು. ಮತ್ತೆ ಅದೇ ಮಣ್ಣನ್ನು ಎಳೆದುಕೊಂಡು ಮುಚ್ಚಿ, ಹೊಟ್ಟೆಯಿಂದ ಎದ್ದೆದ್ದು ಬಡಿದು ನೆಲ ಸಮ ಮಾಡಿತು. ಅದು ಸರಿದು ಹೋದಾಗ ಕುಣಿ ಎಲ್ಲಿತ್ತೆಂದು ಮೂವರಿಗೂ ತಿಳಿಯಲಿಲ್ಲ.

ಚನ್ನಬಸವಣ್ಣ ಮೊದಲು ಮಾತಾಡಿದ. ಗಂಡು ಸತ್ತು ಹದಿನಾಲ್ಕು ತಿಂಗಳಾಯಿತಲ್ಲ, ಇದು ಬರಿ ತತ್ತಿ, ಹುಂಜ ಇಲ್ಲದ ಕೋಳಿಯ ತತ್ತಿಯ ಹಾಗೆ ಎಂದ. ಸಾಬರೂ ಹೌದೆಂದರು. ಅನ್ನಪೂರ್ಣವ್ವನಿಗೆ ಅದರಿಂದೇನೂ ಕಡಿಮೆಯಾಗಲಿಲ್ಲ. ಕಂಡದ್ದೇ ಅವಳಿಗೆ ಸಾಕಾಗಿತ್ತು. ತೆಗೆದು ಬೆಚ್ಚಗೆ ಅರಳೆಯಲ್ಲಿಡಬೇಕೋ ಅಲ್ಲೇ ಬಿಡಬೇಕೋ ಎಂದು ಅವಳು ಕೇಳಿದಾಗ ಸಾಬರು, ಗುಡ್ಡದಲ್ಲಿ ಏನಾಗುತ್ತದೆಂದು ಮಾಳವ್ವನನ್ನು ಕೇಳಿ ಎಂದರು. ಮುಟ್ಟಬೇಡಿ, ಹೊರಳಿಸಬೇಡಿ ಎಂದು ಮಾಳವ್ವ ಹೇಳಿದಳು. ಅನ್ನಪೂರ್ಣವ್ವ ಬೆಕ್ಕು ಬಾರದಂತೆ ಬಿದಿರಿನ ಬುಟ್ಟಿ ಕವುಚಿ, ಮೇಲೆ ಕಲ್ಲಿಟ್ಟಳು.

ಮಳೆಗಾಲ ಕಳೆಯಿತು. ದೀಪಾವಳಿಯೂ ಕಳೆಯಿತು. ಇನ್ನು ಬುಟ್ಟಿ ತೆಗೆದುಬಿಡೋಣ ಎಂದುಕೊಂಡಿದ್ದ ಒಂದು ಬೆಳಿಗ್ಗೆ, ಹಿಂದಿನ ದಿನದ ಅಕಾಲದ ಮಳೆಗೆ ನೆನೆದ ಮಣ್ಣಿನಲ್ಲಿ ಅವಳಿಗೊಂದು ಬಿರುಕು ಕಂಡಿತು. ಬಿರುಕು ಅಲುಗಿತು. ಕಡಲೆಕಾಳಿನಷ್ಟು ತಲೆಯೊಂದು ಮೇಲೆ ಬಂತು. ಕಣ್ಣು ತೆರೆದಿದ್ದವು. ಅದು ಅವಳನ್ನು ನೋಡಿತು. ಅವಳ ಹಿಂದಿನ ಆಕಾಶವನ್ನೂ ನೋಡಿರಬೇಕು.

ಅವಳು ಮಣ್ಣಿನಲ್ಲೇ ಕೂತುಬಿಟ್ಟಳು. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಮರಿ ಹೊರಗೆ ಬಂದಿದ್ದವು, ಲಿಂಬೆಹಣ್ಣಿಗಿಂತ ಚಿಕ್ಕವು. ಬೆನ್ನಿನ ಮೇಲೆ ನಕ್ಷತ್ರ ಇನ್ನೂ ಬಿಚ್ಚಿರಲಿಲ್ಲ. ಕರಿಯ ನಡುವೆ ಹಳದಿ ಮಚ್ಚೆ ಅಷ್ಟೆ. ಐದನೆಯ ತತ್ತಿ ಒಡೆಯಲೇ ಇಲ್ಲ.

ಸುದ್ದಿ ಕೇಳಿ ದಸ್ತಗೀರಸಾಬರು ದವಾಖಾನೆ ಬಿಟ್ಟು ಬಂದರು. ಒಂದು ಮರಿಯನ್ನು ಅಂಗೈ ಮೇಲೆ ಇಟ್ಟುಕೊಂಡರು. ಸಾವಿರ ಕರು ಹೊರತೆಗೆದ ಕೈಯಿಂದ ಅದರ ಬೆನ್ನಿನ ಮಣ್ಣು ಒರೆಸಿದರು.

"ಮೂವತ್ತು ವರ್ಷದ ಚಾಕರಿಯಾಗ ಇಂಥಾದ್ದು ನಾ ಕಂಡಿಲ್ಲ, ತಂಗೆವ್ವ," ಎಂದರು. "ಸತ್ತ ಗಂಡಿನ ಬೀಜಾನ ಆಕಿ ವರ್ಷದ ಮ್ಯಾಲ ಒಳಗ ಕಾದಿಟ್ಟಾಳ. ಯಾಕಂದ್ರ ತತ್ತಿ ಇಡಾಕ ನೆಲ ಇರಲಿಲ್ಲ ಆಕಿಗೆ. ಇಷ್ಟ ನಾ ಹೇಳಬಲ್ಲೆ. ಖರೆನೋ ಸುಳ್ಳೋ ಅದೂ ತಿಳೀದು."

ಸಂಜೆ ಅವರು ಜನ್ನತಬಿಯನ್ನೂ ಕರೆತಂದರು. ಆಕೆ ಮರಿಗಳನ್ನು ನೋಡಿ ಸೆರಗು ತಲೆಯ ಮೇಲೆ ಸರಿಪಡಿಸಿಕೊಂಡಳು, ಹಿರಿಯರ ಮುಂದೆ ನಿಂತವಳ ಹಾಗೆ.

ಮರಿಗಳು ಆರು ವರ್ಷ ಆ ಕೆಂಪು ಮಣ್ಣಿನಲ್ಲೇ ಬೆಳೆದವು. ಬೆಳೆದಂತೆ ಹಳದಿ ಮಚ್ಚೆಗಳು ಗೆರೆಗೆರೆಯಾಗಿ ಬಿಚ್ಚಿಕೊಂಡವು. ಕನ್ನಡ ಸೀಮೆಗಳೆಲ್ಲ ಕೂಡಿ ಹೊಸ ರಾಜ್ಯವಾಗಿ ತಿಂಗಳು ತುಂಬಿದಾಗ, ಹಿತ್ತಲು ಸಾಲದಾಯಿತೆಂದು ಅನ್ನಪೂರ್ಣವ್ವ ತಾಯಿಯನ್ನು ಮಾತ್ರ ಇಟ್ಟುಕೊಂಡು ನಾಲ್ಕನ್ನೂ ಗುಡ್ಡಕ್ಕೆ ಬಿಡಲು ಮನಸ್ಸು ಮಾಡಿದಳು. ಚನ್ನಬಸವಣ್ಣ ಬಂಡಿ ಹೂಡಿಸಿದ. ನಿವೃತ್ತರಾಗಿದ್ದ ಸಾಬರೂ ಜೊತೆಗೆ ಬಂದರು. ಶಿರಹಟ್ಟಿ ದಾಟಿದ ಮೇಲೆ ಮಾಳವ್ವ ದಾರಿ ತೋರಿಸುತ್ತ ಮುಂದೆ ನಡೆದಳು.

ಗುಡ್ಡದ ಇಳಿಜಾರಿನಲ್ಲಿ ಒಣಹುಲ್ಲು ಮೊಣಕಾಲೆತ್ತರ ನಿಂತಿತ್ತು. ಬಿಸಿಲು ಹುಲ್ಲಿನ ನಡುವೆ ಹಾಯ್ದು ನೆಲದ ಮೇಲೆ ಕಪ್ಪು ಹಳದಿ ಗೆರೆ ಎಳೆದಿತ್ತು. ಅವಳು ಒಂದೊಂದೇ ಆಮೆಯನ್ನು ಕೆಳಗಿಟ್ಟಳು. ಅವು ಮೂಗು ನೆಲಕ್ಕೆ ಹಚ್ಚಿ, ನಾಲ್ಕು ಹೆಜ್ಜೆ ಇಟ್ಟವು. ಅವಳು ಕಣ್ಣು ಮಿಟುಕಿಸಿರಬೇಕು. ಮತ್ತೆ ನೋಡಿದರೆ ಅಲ್ಲಿ ಹುಲ್ಲು ಮಾತ್ರ ಇತ್ತು. ಊರಿನವರೆಲ್ಲ ದೂರದಿಂದಲೇ ಗುರುತು ಹಿಡಿಯುತ್ತಿದ್ದ ಆ ಬೆನ್ನುಗಳು, ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಕಣ್ಣೆದುರಿಗೇ ಇಲ್ಲವಾಗಿದ್ದವು.

ದಸ್ತಗೀರಸಾಬರು ಕನ್ನಡಕ ತೆಗೆದು ಒರೆಸಿಕೊಂಡು, ಮೊಣಕಾಲೂರಿ ಹುಡುಕಿದರು. ಚನ್ನಬಸವಣ್ಣನೂ ಬಗ್ಗಿದ. ಎಲ್ಲಿ ಹೋದವು ಎಂದು ಅವರು ಮಾಳವ್ವನನ್ನು ಕೇಳಿದರು.

"ಇಲ್ಲೇ ಅದಾವ್ರಿ," ಎಂದಳು ಅವಳು.

ಊರಿನಿಂದ ಬಂದ ಮೂವರೂ ಎಲ್ಲಿ ತುಳಿದುಬಿಡುತ್ತೇವೋ ಎಂದು ಕಾಲು ಕದಲಿಸದೆ ಹುಲ್ಲನ್ನೇ ನೋಡುತ್ತ ನಿಂತರು.