ಕುಲಗೋಡದ ಹತ್ತಿರ ನಿಂತ ನೀರು

ಶೈಲಾ ಗೋಕಾಕದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಳು. ಜೋರು ಮಳೆ ಬಂದರೆ ಸುತ್ತಲಿನ ಹಳ್ಳಗಳ ನೀರು ಎಲ್ಲೆಲ್ಲಿ ಹರಡೀತು ಎಂದು ಕಂಪ್ಯೂಟರಿನೊಳಗೆ ಹರಿಸಿ ನೋಡುವುದು ಅವಳ ಸಂಶೋಧನೆ. ಮೊದಲೆಲ್ಲ ಮಳೆಯ ಪ್ರಮಾಣ, ನೆಲದ ಏರುತಗ್ಗು ಕೊಟ್ಟು ಪ್ರೋಗ್ರಾಮ್ ಚಾಲೂ ಮಾಡಿದರೆ ಅದು ಮುಗಿಯುವ ತನಕ ಕೈಕಟ್ಟಿ ಕೂರಬೇಕಿತ್ತು. ಏನಾದರೂ ಬದಲಿಸಬೇಕೆಂದರೆ ಮತ್ತೆ ಮೊದಲಿನಿಂದ. ಈ ವರ್ಷ ಅವಳು ಅದನ್ನು ಬೇರೆ ರೀತಿ ಬರೆದಳು. ಪರದೆಯ ಮೇಲೆ ನೀರು ಹರಿಯುತ್ತಿರುವಾಗಲೇ ಮಳೆ ಹೆಚ್ಚಿಸಬಹುದು, ಒಡ್ಡು ಹಾಕಬಹುದು, ಹಾಕಿದ್ದನ್ನು ಒಡೆಯಬಹುದು.

ಅವಳ ಜೊತೆ ಪಾಠ ಮಾಡುವ ಮಹೇಶನಿಗೆ ಇದು ಹಿಡಿಸಲಿಲ್ಲ. ನಡೆಯುತ್ತಿರುವ ಲೆಕ್ಕದಲ್ಲಿ ಕೈಯಾಡಿಸಿದರೆ ಕೊನೆಗೆ ಬಂದ ಉತ್ತರ ನೀರಿನದೋ ನಮ್ಮದೋ ಹೇಗೆ ಗೊತ್ತಾಗಬೇಕು ಎಂಬುದು ಅವನ ವಾದ. ಶೈಲಾ ಅದನ್ನು ಅಲ್ಲಗಳೆಯಲಿಲ್ಲ. ಆದರೆ ಕೈಯಾಡಿಸದೆ ಇರಲೂ ಆಗಲಿಲ್ಲ.

ದಸರೆಯ ರಜೆ ಮುಗಿದ ವಾರ ಅವಳು ಕುಲಗೋಡದ ಕಡೆಯ ಒಂದು ಹಳ್ಳಕ್ಕೆ ಮಳೆ ಸುರಿಸಿದಳು. ದಂಡೆ ಮೀರಿದ ನೀರು ಬಯಲಿನಲ್ಲಿ ಹರಡುತ್ತ ಹೋಗಿ ಒಂದು ಕಡೆ ಗೋಡೆಗೆ ತಾಗಿದಂತೆ ನೇರ ಗೆರೆಯಲ್ಲಿ ನಿಂತುಬಿಟ್ಟಿತು. ನಕ್ಷೆಯಲ್ಲಿ ಅಲ್ಲಿ ಒಡ್ಡೂ ಇರಲಿಲ್ಲ, ರಸ್ತೆಯೂ ಇರಲಿಲ್ಲ. ಅವಳು ಮಳೆ ಏರಿಸಿದಳು. ನೀರು ಆಳವಾಯಿತೇ ಹೊರತು ಗೆರೆ ದಾಟಲಿಲ್ಲ. ಗೆರೆಯಲ್ಲಿ ಒಂದು ಕಿಂಡಿ ಕೊರೆದಳು. ನೀರು ಅದರೊಳಗಿಂದ ಕಾರಂಜಿಯಂತೆ ನುಗ್ಗಿತು.

ಮಾಹಿತಿ ತಪ್ಪಿರಬೇಕು, ಅಳಿಸಿಬಿಡಿ ಎಂದ ಮಹೇಶ. ಅಲ್ಲಿ ಏನಿದೆ ಎಂದು ನೋಡದೆ ಅಳಿಸಲು ಅವಳಿಗೆ ಮನಸ್ಸಾಗಲಿಲ್ಲ. ಭಾನುವಾರ ಇಬ್ಬರೂ ಅವನ ಬೈಕಿನಲ್ಲಿ ಕಲ್ಲೋಳಿ ದಾಟಿ ಹೊರಟರು.

ಮೊಬೈಲ್ ತೋರಿಸಿದ ಜಾಗದಲ್ಲಿ ಎರಡಾಳೆತ್ತರದ ಕಬ್ಬು ನಿಂತಿತ್ತು. ಶೈಲಾ ಬೈಕಿನಿಂದ ಇಳಿದು ಕಬ್ಬಿನ ತುದಿಯವರೆಗೆ ಕತ್ತೆತ್ತಿ ನೋಡಿದಳು. ನೆಲದ ಎತ್ತರವನ್ನು ಮೇಲಿನಿಂದ ಅಳೆದ ಉಪಗ್ರಹ ಕಬ್ಬಿನ ಸುಳಿಯನ್ನೇ ನೆಲ ಎಂದುಕೊಂಡಿತ್ತು. ಮಹೇಶ ನಗತೊಡಗಿದ.

ನಗು ಕೇಳಿ ಹೊಲದ ಒಡತಿ ಪಾರವ್ವ ಮೇವಿನ ಹೊರೆ ಇಳಿಸಿ ಬಂದರು. ರಸ್ತೆ ಅಳೆಯಲು ಬಂದವರೇನು ಎಂದು ಸಂಶಯದಿಂದ ವಿಚಾರಿಸಿದರು. ಶೈಲಾ ಬದುವಿನ ಮೇಲೆ ಕುಳಿತು, ಮೊಬೈಲಿನ ನೆಟ್ ಹಚ್ಚಿ, ಕಾಲೇಜಿನಲ್ಲಿ ಓಡುತ್ತಿದ್ದ ಪ್ರೋಗ್ರಾಮನ್ನು ಲ್ಯಾಪ್‌ಟಾಪಿನಲ್ಲಿ ತೋರಿಸಿದಳು. ಹಳ್ಳ ಯಾವುದು, ಹೊಲ ಯಾವುದು, ಮನೆ ಯಾವುದು, ಎಮ್ಮೆಗಳ ಕೊಟ್ಟಿಗೆ ಯಾವುದು ಎಂದು ಪಾರವ್ವ ಒಂದೊಂದನ್ನೇ ಗುರುತು ಹಿಡಿದರು. ಮುಂದಿನ ತಿಂಗಳು ಕಟಾವು ಇತ್ತು.

"ಕಬ್ಬು ಕಡದ ಮ್ಯಾಲ ಮಳಿ ಬಂದ್ರ ಹೆಂಗ ತಂಗಿ?"

ಶೈಲಾ ಗೆರೆಯನ್ನು ಪೂರ್ತಿ ಅಳಿಸಿದಳು. ತಡೆದು ನಿಂತಿದ್ದ ನೀರು ಒಮ್ಮೆಲೆ ಬಲಕ್ಕೆ ಹೊರಳಿ ಎಮ್ಮೆಗಳ ಕೊಟ್ಟಿಗೆಗೆ ನುಗ್ಗಿತು. ಪಾರವ್ವ ತಲೆಯೆತ್ತಿ ದೂರದ ಕೊಟ್ಟಿಗೆಯನ್ನು ನೋಡಿದರು, ಮತ್ತೆ ಪರದೆಯನ್ನು ನೋಡಿದರು.

"ನಾ ಕೈ ಹಚ್ಚಲ್ಯಾ?"

ಶೈಲಾ ಲ್ಯಾಪ್‌ಟಾಪನ್ನು ಅವರ ತೊಡೆಯ ಮೇಲಿಟ್ಟು, ಅಳಿಸಿದ ಗೆರೆಯನ್ನು ಮತ್ತೆ ತಂದುಕೊಟ್ಟಳು. ಪಾರವ್ವ ಬೆರಳನ್ನು ಸೆರಗಿಗೆ ಒರೆಸಿಕೊಂಡು ಪರದೆಯ ಮೇಲೆ ಮೊದಲು ಅರ್ಧ ಕಬ್ಬು ಕಡಿದರು, ಆಮೇಲೆ ಹಳ್ಳದ ಕಡೆಯದನ್ನಷ್ಟೇ ಉಳಿಸಿದರು. ಪ್ರತಿ ಸಲವೂ ನೀರು ಬೇರೆ ದಾರಿ ಹಿಡಿಯಿತು. ಮಹೇಶ ಹಿಂದೆ ನಿಂತು ಬಗ್ಗಿ ನೋಡುತ್ತಿದ್ದವನು ತಡೆಯಲಾರದೆ, "ಈಗ ಮಳಿ ಸ್ವಲ್ಪ ಕಡಿಮಿ ಮಾಡಿ ನೋಡ್ರಿ ಕಾಕೂ," ಎಂದ. ಅಂದದ್ದು ತಾನೇ ಎಂದು ಹೊಳೆದು ಶೈಲಾಳ ಮುಖ ನೋಡಿದ.

ಅವಳ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ಕಬ್ಬು ಗೋಡೆಯಲ್ಲ ನಿಜ, ಹಾಗೆಂದು ಏನೂ ಇಲ್ಲದ ಬಯಲೂ ಅಲ್ಲ. ನೀರು ಕೋಲುಗಳ ಸಂದಿಯಲ್ಲಿ ನುಸುಳಿ ನಿಧಾನವಾಗುತ್ತದೆ. ಲ್ಯಾಪ್‌ಟಾಪ್ ಇಸಿದುಕೊಂಡು, ಆ ಹೊಲದಲ್ಲಿ ನೆಲವನ್ನು ಇಳಿಸಿ ನೀರಿನ ಓಟಕ್ಕಿರುವ ತಡೆಯನ್ನು ಹೆಚ್ಚಿಸಿದಳು. ಈ ಸಲ ನೀರು ಹೊಲದೊಳಗೆ ತೆವಳುತ್ತ ಹೋಗಿ ಕೊಟ್ಟಿಗೆಯ ಬಾಗಿಲಲ್ಲಿ ತೆಳುವಾಗಿ ನಿಂತಿತು.

ಕಟಾವಾದ ಮರುವಾರ ಅಕಾಲ ಮಳೆ ಬಿತ್ತು. ಮುಂಜಾನೆ ಕಾಲೇಜಿಗೆ ಪಾರವ್ವನ ಫೋನು ಬಂತು. ಮೋಡ ಕಂಡಾಗಲೇ ಎಮ್ಮೆಗಳನ್ನು ಮನೆಯ ಪಡಸಾಲೆಯಲ್ಲಿ ಕಟ್ಟಿದ್ದರಂತೆ. ಕೊಟ್ಟಿಗೆಗೆ ಮೊಣಕಾಲುದ್ದ ನೀರು ಬಂದಿತ್ತು.

"ನೀರೇನೋ ಬಂತು ತಂಗಿ. ಆದ್ರ ನೀ ತೋರ್ಸಿದ ಕಡಿಂದ ಬರಲಿಲ್ಲ. ಸಡಕಿನ ಕಡಿಂದ ಬಂತು. ಅದ್ಯಾಕ ಹಂಗ?"

ರಸ್ತೆಯ ಕಡೆಯಿಂದಲೇ? ಯಾಕೋ ಗೊತ್ತಿಲ್ಲ ಎಂದಳು ಶೈಲಾ. ಎಮ್ಮೆಗಳು ಉಳಿದ ಸಮಾಧಾನದ ಜೊತೆಗೇ ಅವಳಿಗೆ ತಡೆಯಲಾರದ ಕುತೂಹಲ. ನೀರಿನ ಗುರುತು ಅಳಿಯುವ ಮೊದಲೇ ಬರುತ್ತೇನೆ, ಕೊಟ್ಟಿಗೆಯ ಗೋಡೆ ಮಾತ್ರ ತೊಳೆಯಬೇಡಿ ಎಂದು ಕೇಳಿಕೊಂಡಳು. ತಿರುಗಿ ನೋಡಿದರೆ ಮಹೇಶ ಆಗಲೇ ಪರದೆಯ ಮುಂದೆ ಕುಳಿತು, ಹರಿಯುತ್ತಿದ್ದ ನೀರಿನ ನಡುವೆ ಸಡಕನ್ನು ಒಂದಿಷ್ಟು ತಗ್ಗಿಸುತ್ತಿದ್ದ.